ಕೊಂಬು ಮುರಿದ ಕುರಿ: ಗೂಢ ಪದಬಂಧ, ಗೆಳೆಯರ ನೆರವು ಮತ್ತು ಕನ್ನಡ ಅಕ್ಷರದ ಕೀಲುಗಳು

ಬಸವನಗುಡಿಯ ಗಾಂಧಿ ಬಜಾರಿನ ಆಸುಪಾಸಿನಲ್ಲಿ ಭಾನುವಾರ ಬೆಳಗ್ಗೆ ಸೇರುವ ನಾಲ್ವರ ಕೂಟವೊಂದರಲ್ಲಿ ನಾವೂ ಕೆಲವು ವರ್ಷಗಳಿಂದ ಇದ್ದೇವೆ. (ಈ ಲೇಖನದ ‘ನಾವು’ ಲೇಖಕರೊಬ್ಬರೇ, ನಾಲ್ವರನ್ನೂ ಕುರಿತು ಹೇಳುವಾಗ ‘ಕೂಟ’ ಎನ್ನುತ್ತೇವೆ.) ಇಂಗ್ಲಿಷ್ ಪತ್ರಿಕೆಯ ಕ್ರಿಪ್ಟಿಕ್ ಕ್ರಾಸ್‌ವರ್ಡನ್ನು, ಅಂದರೆ ಗೂಢ ಪದಬಂಧವನ್ನು, ಒಟ್ಟಿಗೆ ಕುಳಿತು ಬಿಡಿಸುವುದು ಕೂಟದ ಕಸುಬು. ನಿಯಮಗಳು ಎರಡೇ: ನಿಘಂಟು ತೆರೆಯಬಾರದು, ಉತ್ತರ ಹೊಳೆದವರು ಉತ್ತರವನ್ನು ಬಾಯಿಬಿಟ್ಟು ಹೇಳಬಾರದು. ಹೊಳೆಯದವರಿಗೆ ನೆರವಾಗಬಹುದು. ಎಷ್ಟು ನೆರವಾಗಬಹುದು ಎಂಬುದೇ ಪ್ರತಿ ವಾರದ ತಕರಾರು. ಈ ತಕರಾರಿನಲ್ಲಿ ಭಾಷಾವಿಜ್ಞಾನಕ್ಕೆ ಸಂಬಂಧಿಸಿದ ಸಾಮಗ್ರಿಯಿದೆ ಎಂದು ನಮಗೆ ಬಹುಕಾಲ ತೋರಿರಲಿಲ್ಲ.

ತೋರಿದ್ದು ಕೂಟದ ಹಿರಿಯರೊಬ್ಬರು ಒಂದು ಭಾನುವಾರ ತಾವೇ ಹೆಣೆದ ಒಂಬತ್ತು ಚೌಕ ಅಗಲ, ಒಂಬತ್ತು ಚೌಕ ಉದ್ದದ ಕನ್ನಡ ಪದಬಂಧವನ್ನು ಮೇಜಿನ ಮೇಲಿಟ್ಟಾಗ. ಅದರ ಸುಳಿವುಗಳು ನಮ್ಮ ದಿನಪತ್ರಿಕೆಗಳಲ್ಲಿ ಬರುವಂಥ ನೇರ ಸುಳಿವುಗಳಾಗಿರಲಿಲ್ಲ. ಇಂಗ್ಲಿಷಿನ ಗೂಢ ಸುಳಿವಿನಂತೆ ಒಂದು ಕಡೆ ಅರ್ಥ, ಇನ್ನೊಂದು ಕಡೆ ಪದವನ್ನು ಕಟ್ಟುವ ಉಪಾಯ, ಎರಡನ್ನೂ ಮರೆಮಾಡುವ ಸಹಜವಾದ ವಾಕ್ಯ. ಮೊದಲ ಜಗಳ ಹುಟ್ಟಿದ್ದು ಈ ಸುಳಿವಿನಿಂದ: ‘ಹಸ್ತದ ಮಗ್ಗುಲಲ್ಲಿ ಉದ್ಯಾನ, ಮನೆಯ ಹಿತ್ತಲಲ್ಲೂ ಅದೇ (3)’. ವೈದ್ಯೆಯಾದ ಗೆಳತಿ ತಡಮಾಡದೆ ‘ಕೈತೋಟ’ ಎಂದು ಶಾಯಿಯಲ್ಲೇ ಬರೆದರು. ಎರಡನೆಯ ಚೌಕದಿಂದ ಕೆಳಗಿಳಿಯುವ ಪದದ ಸುಳಿವು ‘ಗಾಂಧಿ ಬಜಾರಿನಲ್ಲಿ ಸಾಲು ನಿಂತು ತಿನ್ನುವುದು (2)’. 1943ರಿಂದ ವಿದ್ಯಾರ್ಥಿ ಭವನ ಇರುವ ಬೀದಿಯ ಬಳಿ ಕುಳಿತವರಿಗೆ ಇದಕ್ಕೆ ಯೋಚನೆ ಬೇಕಿರಲಿಲ್ಲ. ಆದರೆ ‘ತೋ’ ಇರುವ ಚೌಕದಲ್ಲಿ ‘ದೋಸೆ’ ಕೂರುವುದಿಲ್ಲ.

“ತೋಟ ಅಂತ ಸುಳಿವು ಕೊಟ್ಟು ದೋಟ ಅಂತ ಬರೆಸೋದು ಮೋಸ ಅಲ್ವೇನ್ರೀ?” ಎಂದರು ಕೂಟದ ಕಿರಿಯರು. “ಮೋಸ ನಂದಲ್ಲಪ್ಪ, ಕೇಶಿರಾಜಂದು” ಎಂದರು ಹಿರಿಯರು.

ಇದು ಚಟಾಕಿಯಾದರೂ ಉತ್ತರ ಸರಿಯಾಗಿದೆ. ಡಿ. ಎಸ್. ಮ್ಯಾಕ್‌ನಟ್ ‘ಕ್ಸಿಮೆನೀಸ್’ ಎಂಬ ಹೆಸರಿನಲ್ಲಿ 1966ರಲ್ಲಿ ಪ್ರಕಟಿಸಿದ ಪುಸ್ತಕ ಇಂಗ್ಲಿಷ್ ಗೂಢ ಸುಳಿವಿಗೆ ನ್ಯಾಯಸಂಹಿತೆಯಂತೆ ಇಂದಿಗೂ ನಡೆಯುತ್ತದೆ. ಆ ಸಂಹಿತೆಯ ತಿರುಳು ಇಷ್ಟು: ಸುಳಿವಿನ ಬಿಡಿಭಾಗಗಳನ್ನು ಜೋಡಿಸಿದಾಗ ಉತ್ತರದ ಲಿಪಿರೂಪ ಹೆಚ್ಚುಕಡಿಮೆಯಿಲ್ಲದೆ ಸಿಗಬೇಕು. ಇಂಗ್ಲಿಷಿನಲ್ಲಿ ಎರಡು ಪದಗಳನ್ನು ಒತ್ತೊತ್ತಿಗೆ ಇಟ್ಟರೆ ಬರವಣಿಗೆಯಲ್ಲಿ ಏನೂ ಬದಲಾಗದು, ಆದ್ದರಿಂದ ನಿಯಮಕ್ಕೆ ತೊಂದರೆಯಿಲ್ಲ. ಕನ್ನಡದಲ್ಲಿ ಸಮಾಸದ ಉತ್ತರಪದದ ಮೊದಲಿನ ಕ, ತ, ಪಗಳಿಗೆ ಗ, ದ, ಬಗಳು ಆದೇಶವಾಗುತ್ತವೆ ಎಂದು ಹದಿಮೂರನೆಯ ಶತಮಾನದ ‘ಶಬ್ದಮಣಿದರ್ಪಣ’ದ ಕಾಲದಿಂದ ವ್ಯಾಕರಣ ಹೇಳುತ್ತ ಬಂದಿದೆ. ಇವತ್ತಿನ ಬಳಕೆಯಲ್ಲಿ ಆ ಆದೇಶ ಎಲ್ಲ ಕಡೆಯೂ ಆಗುತ್ತಿಲ್ಲ. ಮಳೆಗಾಲ, ಚಳಿಗಾಲ ಎನ್ನುವ ನಾವೇ ಬೇಸಿಗೆ ಕಾಲ ಎನ್ನುತ್ತೇವೆ. ಕೈತೋಟ, ಕೈದೋಟ ಎರಡೂ ನಡೆಯುತ್ತವೆ. ಹೀಗಾಗಿ ಸುಳಿವು ಕೊಡುವುದು ಮೂಲರೂಪವನ್ನು. ಚೌಕ ಬೇಡುವುದು ಸಿದ್ಧರೂಪವನ್ನು. ಇವೆರಡರಲ್ಲಿ ಯಾವುದು ಎಂಬ ತೀರ್ಮಾನವನ್ನು ಮಾಡುವುದು ಅಡ್ಡಹಾಯುವ ದೋಸೆ. ವ್ಯಾಕರಣದ ವಿಕಲ್ಪವೊಂದಕ್ಕೆ ಇಷ್ಟು ಅಚ್ಚುಕಟ್ಟಾದ ಪರೀಕ್ಷೆಯನ್ನು ನಾವು ತರಗತಿಯಲ್ಲಿ ಒಡ್ಡಿದ್ದಿಲ್ಲ.

ತರಗತಿಯ ಮಾತು ಬಂದದ್ದರಿಂದ ಒಂದು ತಪ್ಪೊಪ್ಪಿಗೆ. ಬರವಣಿಗೆಯ ವ್ಯವಸ್ಥೆಗಳನ್ನು ಪಾಠ ಮಾಡುವಾಗ, ಗೂಢ ಪದಬಂಧ ಕನ್ನಡದಲ್ಲಿ ಏಕೆ ಬೆಳೆಯಲಿಲ್ಲ ಎಂಬ ಪ್ರಶ್ನೆಗೆ ನಾವು ಹಲವು ವರ್ಷ ಒಂದೇ ಉತ್ತರ ಕೊಟ್ಟಿದ್ದೇವೆ: ಇಂಗ್ಲಿಷಿನ ಘಟಕ ಒಂಟಿ ಲಿಪಿಚಿಹ್ನೆ, ಕನ್ನಡದ ಘಟಕ ಅಕ್ಷರ, ಅಕ್ಷರ ಅವಿಭಾಜ್ಯ, ಒಡೆಯಲಾಗದ ಕಲ್ಲಿನಿಂದ ಒಗಟಿನ ಗೋಡೆ ಕಟ್ಟಲಾಗದು. ಈ ಉತ್ತರ ನಮ್ಮೊಬ್ಬರದೇ ಅಲ್ಲ. ಭಾಷಾವಿಜ್ಞಾನ ಬಲ್ಲವರು ಔಪಚಾರಿಕವಾಗಿ, ಬಲ್ಲದವರು ‘ನಮ್ಮ ಲಿಪೀಲಿ ಅದೆಲ್ಲ ಆಗಲ್ಲ ಬಿಡಿ’ ಎಂದು ಸಡಿಲವಾಗಿ, ಇದನ್ನೇ ಹೇಳುತ್ತಾರೆ. ಈ ಅಭಿಪ್ರಾಯ ಅರ್ಧ ಮಾತ್ರ ಸರಿ, ತಪ್ಪಾಗಿರುವ ಅರ್ಧ ಪದಬಂಧಕ್ಕಿಂತ ದೊಡ್ಡ ವಿಷಯಗಳನ್ನು ಮುಟ್ಟುತ್ತದೆ ಎಂಬುದು ಪ್ರಸ್ತುತ ಲೇಖನದ ವಾದ.

ಸರಿಯಾದ ಅರ್ಧವನ್ನು ಬೇಗ ಮುಗಿಸೋಣ. ‘ಬೆಂಗಳೂರು’ ಎಂಬ ಹೆಸರಿಗೆ ಪದಬಂಧದಲ್ಲಿ ನಾಲ್ಕು ಚೌಕ ಸಾಕು. ಅದನ್ನೇ ಸ್ವನಿಮಗಳಾಗಿ ಎಣಿಸಿದರೆ ಒಂಬತ್ತು. ಗಣಕದ ಯೂನಿಕೋಡ್ ಸಂಕೇತಗಳಾಗಿ ಎಣಿಸಿದರೆ ಎಂಟು. ಇಂಗ್ಲಿಷ್ ಗೂಢ ಪದಬಂಧದ ಬೆನ್ನೆಲುಬೆನ್ನಬಹುದಾದ ಅಕ್ಷರಪಲ್ಲಟಕ್ಕೆ ಈ ನಾಲ್ಕು ಚೌಕ ಸಾಲದು. ಎಂಟು ಬೇರೆ ಬೇರೆ ಲಿಪಿಚಿಹ್ನೆಗಳನ್ನು 40,320 ಬಗೆಯಲ್ಲಿ ಜೋಡಿಸಬಹುದು. ನಾಲ್ಕು ಅಕ್ಷರಗಳನ್ನು 24 ಬಗೆಯಲ್ಲಿ, ಮೂರನ್ನು ಬರೀ ಆರು ಬಗೆಯಲ್ಲಿ. ‘ಮದನ’ನನ್ನು ಕದಡಿದರೆ ‘ದಮನ’ವಾಗುತ್ತದೆ ಎಂಬುದು ಒಮ್ಮೆ ಚೆನ್ನ, ಬಿಡಿಸುವವರು ಬೆರಳೆಣಿಕೆಯಲ್ಲೇ ಮುಗಿಸಿಬಿಡುತ್ತಾರೆ.

ತಿರುಗುಮುರುಗಿನ ಕಥೆ ಬೇರೆ. ‘ಸರ’ವನ್ನು ಹಿಂದುಮುಂದು ಮಾಡಿದರೆ ಕನ್ನಡಿಗರೆಲ್ಲರಿಗೂ ಸಿಗುವುದು ‘ರಸ’. ಸ್ವನಿಮಗಳ ಸರಣಿಯನ್ನು ಹಿಂದುಮುಂದು ಮಾಡಿದ್ದರೆ ಸಿಗಬೇಕಾದದ್ದು ‘ಅರಸ್’. ಕೂಟದಲ್ಲಿ ಯಾರಿಗೂ, ಇಂಗ್ಲಿಷ್ ಪದಗಳನ್ನು ಹಿಂದಿನಿಂದ ಓದುವ ಚಟ ಇರುವವರಿಗೂ, ‘ಅರಸ್’ ಹೊಳೆಯಲಿಲ್ಲ. ಕನಕ, ಗದಗ, ವಿಕಟಕವಿ ಎಂಬವನ್ನು ಎರಡು ಕಡೆಯಿಂದಲೂ ಒಂದೇ ಎಂದು ಮಕ್ಕಳು ಗುರುತಿಸುವುದೂ ಅಕ್ಷರದ ಲೆಕ್ಕದಲ್ಲಿಯೇ. ಅಕ್ಷರ ಕನ್ನಡ ಓದುಗರ ಮನಸ್ಸಿನಲ್ಲಿ ನಿಜವಾದ ಘಟಕ ಎಂಬ ಬಗ್ಗೆ ನಮಗೆ ತಕರಾರಿಲ್ಲ. ತಕರಾರಿರುವುದು ‘ಅವಿಭಾಜ್ಯ’ ಎಂಬ ವಿಶೇಷಣದ ಬಗ್ಗೆ.

ಹಿರಿಯರ ಪದಬಂಧದಲ್ಲಿ ಕೂಟವನ್ನು ಅತಿ ಹೆಚ್ಚು ಹೊತ್ತು ಕೂರಿಸಿದ ನಾಲ್ಕು ಸುಳಿವುಗಳು ಇವು:

‘ದೀರ್ಘ ಕಳೆದುಕೊಂಡ ಹಣ್ಣನ್ನು ಕೈಗೆ ತೊಡಿಸಿ (2)’.
‘ಸೊನ್ನೆ ಕಳಚಿದ ಗಾಡಿ: ಹೊಡೆ! (2)’.
‘ಗ್ರಾಮಕ್ಕೆ ಒತ್ತು ತಪ್ಪಿದರೂ ರೈಲಿಗೆ ದಾರಿ (2)’.
‘ಕೊಂಬು ಮುರಿದ ಕುರಿ ಕಪ್ಪು (2)’.

ಮೊದಲನೆಯದು ‘ಬಾಳೆ’ಯಿಂದ ಬಂದ ‘ಬಳೆ’. ಎರಡನೆಯದು ‘ಬಂಡಿ’ಯಿಂದ ‘ಬಡಿ’. ಸೊನ್ನೆ ಎಂದೊಡನೆ ಚಕ್ರ ಕಣ್ಣಿಗೆ ಕಟ್ಟುವುದರಿಂದ ಸುಳಿವಿನ ಮೇಲ್ಮೈ ಅರ್ಥ ಬಲು ನಂಬಿಕೆಯದಾಗಿದೆ. ಮೂರನೆಯದು ‘ಹಳ್ಳಿ’ಯಿಂದ ‘ಹಳಿ’. ಇಲ್ಲಿ ‘ಒತ್ತು’ ಎಂಬುದು ಸರ್ಕಾರಿ ಭಾಷಣದ ಒತ್ತಾಗಿ ಕೇಳಿಸಿ ದಾರಿ ತಪ್ಪಿಸುತ್ತದೆ. ನಾಲ್ಕನೆಯದು ‘ಕುರಿ’ಯಿಂದ ‘ಕರಿ’. ನಾಲ್ಕರಲ್ಲೂ ಅಕ್ಷರವೊಂದರ ಒಳಗಿನಿಂದ ಏನೋ ಒಂದನ್ನು ತೆಗೆಯಲಾಗಿದೆ, ಚೌಕದ ಲೆಕ್ಕ ಎರಡಾಗಿಯೇ ಉಳಿದಿದೆ. ಅವಿಭಾಜ್ಯವಾದದ್ದರಿಂದ ಹೀಗೆ ತೆಗೆಯುವುದು ಹೇಗೆ?

ಉತ್ತರಗಳಿಗಿಂತ ನಮ್ಮ ಕಿವಿ ಹಿಡಿದದ್ದು ಪರಸ್ಪರ ನೆರವಿನ ಮಾತುಗಳು. ‘ಬಡಿ’ಯ ಮುಂದೆ ಸಿಕ್ಕಿಕೊಂಡಿದ್ದ ಕಿರಿಯರಿಗೆ ವೈದ್ಯೆ ಹೇಳಿದ್ದು: “ಮೊದಲನೇದು ಬಕಾರ. ಈಗ ಸೊನ್ನೆ ಇಲ್ಲ, ಮೊದಲು ಇತ್ತು.” ‘ಹಳಿ’ಗೆ ಕಿರಿಯರು ನಮಗೆ ಕೊಟ್ಟ ನೆರವು: “ಎರಡನೇದಕ್ಕೆ ಒತ್ತಿತ್ತು, ತೆಗೀರಿ.” ಕುರಿಯ ಮುಂದೆ ಎಲ್ಲರೂ ಸೋತಾಗ, ಪದಬಂಧ ಹೆಣೆದವರೇ ಕನಿಕರಪಟ್ಟು ಹೇಳಿದ್ದು: “ಹೊಲದಲ್ಲಿ ಕುರಿಗೆ ಎರಡು ಕೊಂಬು. ಕಾಪಿ ಪುಸ್ತಕದಲ್ಲಿ ಒಂದೇ.”

ಈ ಮೂರು ಮಾತುಗಳಲ್ಲಿ ಒಂದೂ ಇಡೀ ಅಕ್ಷರವನ್ನು ಬಿಟ್ಟುಕೊಡುವುದಿಲ್ಲ. ‘ಬಕಾರ’ ಎಂಬುದು ಬ, ಬಾ, ಬಿ, ಬೆ ಯಾವುದೂ ಆಗಬಹುದು. ಅದು ಸ್ವರವನ್ನು ತೆರೆದಿಟ್ಟು ವ್ಯಂಜನವನ್ನು ಮಾತ್ರ ಹೇಳುತ್ತದೆ. ‘ಸೊನ್ನೆ ಇತ್ತು’ ಎಂಬುದು ವ್ಯಂಜನ, ಸ್ವರ ಎರಡನ್ನೂ ಮುಚ್ಚಿಟ್ಟು ಅನುಸ್ವಾರವನ್ನು ಮಾತ್ರ ಹೇಳುತ್ತದೆ. ಉತ್ತರವನ್ನು ಹೇಳಿಬಿಟ್ಟರೆ ಆಟ ಮುಗಿಯುತ್ತದೆ, ಇಡೀ ಅಕ್ಷರ ಹೇಳಿದರೆ ಎರಡು ಚೌಕದ ಪದದಲ್ಲಿ ಅರ್ಧ ಆಟ ಮುಗಿದಂತೆ. ಹಾಗಾಗಿ ಗೆಳೆತನವು ಅಕ್ಷರಕ್ಕಿಂತ ಚಿಕ್ಕ ಘಟಕವನ್ನು ಹುಡುಕುತ್ತದೆ. ಅಂಥ ಘಟಕ ಭಾಷೆಯಲ್ಲಿ ಮೊದಲೇ ಇದ್ದರೆ ಮಾತ್ರ ಹುಡುಕಿದವರಿಗೆ ಸಿಗುತ್ತದೆ. ಸಿಕ್ಕ ಘಟಕಗಳು ಯಾವುವು ಎಂದು ಗಮನಿಸಬೇಕು: ದೀರ್ಘ, ಸೊನ್ನೆ, ಒತ್ತು, ಕೊಂಬು. ನಾಲ್ವರಲ್ಲಿ ಯಾರೂ ‘ಮೊದಲ ಅಕ್ಷರದ ಎರಡನೆಯ ಸ್ವನಿಮ’ ಎಂಬ ದಾರಿಯಲ್ಲಿ ಯೋಚಿಸಲಿಲ್ಲ. ಅದನ್ನೇ ಪಾಠ ಮಾಡುವ ನಾವೂ ಇಲ್ಲ.

ಇದು ಪ್ರಯೋಗವಲ್ಲ, ಕಾಫಿ ಆರುತ್ತಿದ್ದಾಗ ಕೇಳಿಸಿಕೊಂಡ ಮಾತು. ಆದರೆ ಆ ನಾಲ್ಕು ಸುಳಿವುಗಳನ್ನು ಮನೆಗೆ ಕೊಂಡೊಯ್ದು ಬಿಡಿಬಿಡಿಯಾಗಿ ನೋಡಿದಾಗ ಅವು ಒಂದೇ ಜಾತಿಯವಲ್ಲ ಎಂದು ಕಂಡಿತು.

ಮೊದಲ ಮೂರರಲ್ಲಿ ಮೊದಲ ಅಕ್ಷರ ಗುರುವಾಗಿದ್ದದ್ದು ಲಘುವಾಗಿದೆ. ಬಾಳೆಯ ‘ಬಾ’ ದೀರ್ಘದಿಂದ ಗುರು, ಬಂಡಿಯ ‘ಬಂ’ ಬಿಂದುವಿನಿಂದ ಗುರು, ಹಳ್ಳಿಯ ‘ಹ’ ಮುಂದಿನ ಒತ್ತಕ್ಷರದಿಂದ ಗುರು. ಮೂರು ಬೇರೆ ಬೇರೆ ಲಿಪಿಚಿಹ್ನೆಗಳನ್ನು ತೆಗೆದಿದ್ದೇವೆ, ಆದರೆ ಕಳೆದದ್ದು ಒಂದೇ ವಸ್ತು: ಒಂದು ಮಾತ್ರೆ. ಹಳ್ಳಿಯಲ್ಲಿ ಇದು ವಿಶೇಷವಾಗಿ ಸ್ಪಷ್ಟ. ಒತ್ತು ಬರವಣಿಗೆಯಲ್ಲಿ ಎರಡನೆಯ ಚೌಕದ ಸ್ವತ್ತು. ಅದರ ಭಾರ ಬೀಳುವುದು ಮೊದಲನೆಯ ಚೌಕದ ಮೇಲೆ. ಲಿಪಿಯ ಅಕ್ಷರವೂ ಉಚ್ಚಾರದ ಅಕ್ಷರವೂ ಒಂದೇ ಗಡಿಯಲ್ಲಿ ಕತ್ತರಿಸಿಕೊಳ್ಳುವುದಿಲ್ಲ ಎಂಬ ಹಳೆಯ ಸಂಗತಿಯನ್ನು ಈ ಎರಡು ಚೌಕಗಳು ಬಿಡಿಸಿ ತೋರಿಸುತ್ತವೆ. 1990ರಲ್ಲಿ ಪೀಟರ್ ಡೇನಿಯಲ್ಸ್ ‘ಅಬುಗಿಡ’ ಎಂಬ ವರ್ಗವನ್ನು ಪ್ರಸ್ತಾಪಿಸಿದ ಮೇಲೂ ಕನ್ನಡ ಲಿಪಿಯನ್ನು ಉಚ್ಚಾರಾಂಶಲಿಪಿ ಎಂದು ಸಡಿಲವಾಗಿ ಕರೆಯುವ ಅಭ್ಯಾಸ ಹೋಗಿಲ್ಲ. ಅಂಥವರು ‘ಹಳ್ಳಿ’ಯನ್ನು ಒಮ್ಮೆ ಚೌಕಗಳಲ್ಲಿ ತುಂಬಿ ನೋಡಬಹುದು.

ನಾಲ್ಕನೆಯ ಸುಳಿವಿನಲ್ಲಿ ಮಾತ್ರೆ ಅಲುಗುವುದೇ ಇಲ್ಲ. ‘ಕು’ವೂ ಲಘು, ‘ಕ’ವೂ ಲಘು. ಕೊಂಬನ್ನು ತೆಗೆದರೆ ಉಚ್ಚಾರದಲ್ಲಿ ಏನೂ ಕಳೆದುಹೋಗದು. ಉಕಾರದ ಜಾಗಕ್ಕೆ ಅಕಾರ ಬಂದು ಕೂರುತ್ತದೆ. ಕಣ್ಣಿಗೆ ಲೋಪ, ಕಿವಿಗೆ ಆದೇಶ. ಈ ಸುಳಿವು ಅಕ್ಷರಸ್ಥರಿಗೆ ಮಾತ್ರ. ಓದುಬರಹ ಬಾರದ ಕುರಿಗಾಹಿಗೆ, ಕುರಿಯ ಕೊಂಬಿನ ವಿಷಯದಲ್ಲಿ ನಾಲ್ವರಿಗಿಂತ ಅವರಿಗೇ ಹೆಚ್ಚು ತಿಳಿದಿದ್ದರೂ, ಇದರ ಬಾಗಿಲು ತೆರೆಯದು.

ಹಾಗಾದರೆ ಮೊದಲ ಮೂರೂ ಅಕ್ಷರಸ್ಥರ ಆಟವೇ ಅಲ್ಲವೆ, ದೀರ್ಘ, ಸೊನ್ನೆ, ಒತ್ತು ಎಂಬವೂ ಶಾಲೆಯಲ್ಲಿ ಕಾಗುಣಿತ ಒಪ್ಪಿಸುವಾಗ ಕಲಿತ ಹೆಸರುಗಳಲ್ಲವೆ, ಎಂಬ ಆಕ್ಷೇಪ ನ್ಯಾಯವಾದದ್ದು. ಹೆಸರುಗಳನ್ನು ಶಾಲೆ ಕಲಿಸಿದೆ. ಹೆಸರಿಸಲಾದ ವಸ್ತು ಶಾಲೆಗಿಂತ ಹಳೆಯದು ಎಂಬುದಕ್ಕೆ ಎರಡು ಸಾಕ್ಷಿಗಳನ್ನು ಕರೆಯುತ್ತೇವೆ.

ಮೊದಲನೆಯದು ಪ್ರತಿಧ್ವನಿ ಪದ. ಪುಸ್ತಕ ಗಿಸ್ತಕ, ಊಟ ಗೀಟ ಎಂಬ ಬಗೆಯ ಮಾತು ಓದಿದವರು, ಓದದವರು ಎಲ್ಲರ ಬಾಯಲ್ಲೂ ಇದೆ. ಜೆಫ್ರಿ ಲಿಡ್ಜ್ 2001ರಲ್ಲಿ ಇದನ್ನು ಪದರಚನೆಯ ಸಿದ್ಧಾಂತದ ಕಡೆಯಿಂದ ಚರ್ಚಿಸಿದ್ದಾರೆ. ನಮಗೆ ಇಲ್ಲಿ ಬೇಕಾದದ್ದು ಅದರ ಧ್ವನಿರೂಪ. ಮೊದಲ ವ್ಯಂಜನವೂ ಸ್ವರವೂ ಅಳಿಸಿಹೋಗಿ ಆ ಸ್ಥಾನಕ್ಕೆ ‘ಗಿ’ ಅಥವಾ ‘ಗೀ’ ಬರುತ್ತದೆ. ‘ಗಿ’ಯೋ ‘ಗೀ’ಯೋ ಎಂಬುದನ್ನು ನಿರ್ಧರಿಸುವುದು ಮೂಲಪದದ ಹ್ರಸ್ವದೀರ್ಘ, ಬಿಂದುವೂ ಒತ್ತೂ ಇದ್ದಲ್ಲೇ ಉಳಿಯುತ್ತವೆ. ಈಗ ಕೂಟದ ಪದಗಳನ್ನು ಇದಕ್ಕೆ ಒಡ್ಡೋಣ. ಬಾಳೆ ಗೀಳೆ, ಬಳೆ ಗಿಳೆ: ಪ್ರತಿಧ್ವನಿಗಳು ಬೇರೆ ಬೇರೆ. ಬಂಡಿ ಗಿಂಡಿ, ಬಡಿ ಗಿಡಿ: ಬೇರೆ ಬೇರೆ. (ಗಿಂಡಿ ಎಂಬುದು ಪಾತ್ರೆಯೂ ಆಗಿರುವುದು ಆಕಸ್ಮಿಕ.) ಹಳ್ಳಿ ಗಿಳ್ಳಿ, ಹಳಿ ಗಿಳಿ: ಬೇರೆ ಬೇರೆ. ಆದರೆ ಕುರಿ ಗಿರಿ, ಕರಿ ಗಿರಿ: ಒಂದೇ. ದೀರ್ಘ, ಬಿಂದು, ಒತ್ತುಗಳ ಭೇದವನ್ನು ಪ್ರತಿಧ್ವನಿ ಪದ ಕಾಪಾಡುತ್ತದೆ. ಕೊಂಬಿನ ಭೇದವನ್ನು ಅಳಿಸಿಹಾಕುತ್ತದೆ. ಪದಬಂಧದಲ್ಲಿ ನಾವು ಕಂಡ ಎರಡು ಜಾತಿಗಳ ನಡುವಿನ ಗೆರೆಯೂ ಇದೇ.

ಎರಡನೆಯ ಸಾಕ್ಷಿ ಆದಿಪ್ರಾಸ. ಪಾದದ ಎರಡನೆಯ ಅಕ್ಷರದ ವ್ಯಂಜನ ಎಲ್ಲ ಪಾದಗಳಲ್ಲೂ ಒಂದೇ ಆಗಿರಬೇಕು, ಅದಕ್ಕೆ ಹತ್ತಿದ ಸ್ವರ ಯಾವುದಾದರೂ ಆಗಬಹುದು ಎಂಬ ಈ ನಿಯಮವನ್ನು ಕನ್ನಡ ಕಾವ್ಯ ಸಾವಿರ ವರ್ಷಕ್ಕೂ ಮಿಕ್ಕಿ ಪಾಲಿಸಿದೆ. ವ್ಯಂಜನವನ್ನು ಸ್ವರದಿಂದ ಬಿಡಿಸಿ ನೋಡಲಾರದ ಮನಸ್ಸಿಗೆ ಈ ನಿಯಮ ಅರ್ಥವಾಗುವುದೇ ಅಸಾಧ್ಯ. ವೈದ್ಯೆಯ ‘ಬಕಾರ’ದ ಹಿಂದೆ ಇರುವುದೂ ಇದೇ ಬಿಡಿಸುವಿಕೆ. ಇನ್ನು ಆ ವ್ಯಂಜನದ ಹಿಂದೆ ಏನಿರಬೇಕು ಎಂಬುದರ ಮೇಲೆ ಛಂದಸ್ಸು ಪ್ರಾಸಕ್ಕೆ ಆರು ಮೃಗಗಳ ಹೆಸರಿಟ್ಟಿದೆ: ಹಿಂದೆ ಹ್ರಸ್ವವಿದ್ದರೆ ಸಿಂಹ, ದೀರ್ಘವಿದ್ದರೆ ಗಜ, ಬಿಂದುವಿದ್ದರೆ ವೃಷಭ, ವಿಸರ್ಗವಿದ್ದರೆ ಅಜ, ಬೇರೆ ವ್ಯಂಜನ ಕೂಡಿದ ಒತ್ತಕ್ಷರವಾದರೆ ಶರಭ, ಅದೇ ವ್ಯಂಜನ ಇಮ್ಮಡಿಸಿದರೆ ಹಯ. ಸಿಂಹದೊಡನೆ ಗಜ ಬೆರೆಯುವಂತಿಲ್ಲ. ಆದ್ದರಿಂದ ಬಾಳೆಗೆ ಬಳೆ ಪ್ರಾಸವಾಗದು, ಬಂಡಿಗೆ ಬಡಿ ಆಗದು, ಹಳ್ಳಿಗೆ ಹಳಿ ಆಗದು. ಕುರಿಗೆ ಕರಿ ಧಾರಾಳವಾಗಿ ಆಗುತ್ತದೆ. ಮತ್ತೆ ಅದೇ ಗೆರೆ.

ಶಾಲೆ ಕಾಣದವರ ಮಾತು ಒಂದು ಕಡೆ, ಪಂಡಿತರ ಛಂದಸ್ಸು ಒಂದು ಕಡೆ, ಭಾನುವಾರದ ಪದಬಂಧ ಒಂದು ಕಡೆ. ಮೂರೂ ಒಂದೇ ಕೀಲಿನಲ್ಲಿ ಅಕ್ಷರವನ್ನು ಮಡಿಸುತ್ತವೆ. ಅಕ್ಷರಕ್ಕೆ ಕೀಲುಗಳಿವೆ, ಅವು ಎರಡು ಬಗೆಯವು ಎಂದು ಹೇಳಲು ನಮಗೆ ಇಷ್ಟು ಸಾಕು. ಒಂದು ಬಗೆ ಮಾತ್ರೆಯ ಕೀಲು: ಇದು ಮಾತಿನದು, ಲಿಪಿ ಅದಕ್ಕೆ ಚಿಹ್ನೆ ಕೊಟ್ಟಿದೆ ಅಷ್ಟೆ. ಇನ್ನೊಂದು ಚಿಹ್ನೆಯ ಕೀಲು: ಇದು ಲಿಪಿಯದೇ ಸ್ವಂತ ಸೃಷ್ಟಿ, ಕೊಂಬು, ಗುಡಿಸುಗಳದು. ವ್ಯಂಜನಕ್ಕೂ ಸ್ವರಕ್ಕೂ ನಡುವೆ ಸ್ವನಿಮಶಾಸ್ತ್ರ ಎಳೆಯುವ ಗೆರೆ ಈ ಎರಡರ ಜೊತೆಗೂ ಪೂರ್ತಿ ಹೊಂದುವುದಿಲ್ಲ.

ಇಷ್ಟನ್ನು ಪದಬಂಧಪ್ರಿಯರ ಕುತೂಹಲವೆಂದು ಬಿಡಬಹುದಿತ್ತು, ಓದಿನ ಸಂಶೋಧನೆ ನಡುವೆ ಬರದೆ ಇದ್ದಿದ್ದರೆ. 1993ರಲ್ಲಿ ಪ್ರಕಾಶ್, ರೇಖಾ, ನಿಗಮ್ ಮತ್ತು ಕಾರಂತ್ ಅವರ ಅಧ್ಯಯನವು ಕನ್ನಡದಂಥ ಲಿಪಿಯನ್ನು ಓದಲು ಸ್ವನಿಮಪ್ರಜ್ಞೆ ನಿರ್ಣಾಯಕವಲ್ಲ ಎಂದು ವಾದಿಸಿತು. ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಕನ್ನಡ ಕಲಿಯುವ ಮಕ್ಕಳಲ್ಲಿ ಸ್ವನಿಮಪ್ರಜ್ಞೆ ನಿಧಾನವಾಗಿ ಮೂಡುತ್ತದೆ, ಅಕ್ಷರಗಳ ಕಲಿಕೆಯೇ ಹಲವು ವರ್ಷ ಚಾಚಿಕೊಳ್ಳುತ್ತದೆ ಎಂದು ತೋರಿಸಿತು. ಎರಡನ್ನೂ ನಾವು ಗೌರವದಿಂದ ಪಾಠ ಮಾಡುತ್ತೇವೆ, ಮುಂದೆಯೂ ಮಾಡುತ್ತೇವೆ. ನಮ್ಮ ವಿಮರ್ಶೆ ಇರುವುದು ಇವುಗಳಿಂದ ಇಳಿದು ಬಂದು ಪಠ್ಯಗಳಲ್ಲೂ ಪ್ರಬಂಧಗಳ ಪ್ರಸ್ತಾವನೆಗಳಲ್ಲೂ ನೆಲೆಯಾಗಿರುವ ಸರಳೀಕರಣದ ಬಗ್ಗೆ: ಅಕ್ಷರಲಿಪಿ ಓದುವವರು ಅಕ್ಷರದ ಒಳಗೆ ಇಣುಕುವುದಿಲ್ಲ ಎಂಬುದು.

‘ಮರ’ದಿಂದ ಮಕಾರದ ವ್ಯಂಜನವನ್ನಷ್ಟೇ ತೆಗೆದು ‘ಅರ’ ಎನ್ನಿಸುವ ಬಗೆಯ ಕಾರ್ಯವನ್ನು ಒಡ್ಡಿ, ಮಗು ತಡವರಿಸಿದಾಗ ಅದು ಅಕ್ಷರವನ್ನು ಒಡೆಯಲಾರದು ಎಂದು ಬರೆದುಕೊಂಡರೆ, ಕೀಲಿಲ್ಲದ ಕಡೆ ಮಡಿಸಲು ಹೇಳಿ ಕೈ ಬಗ್ಗುವುದಿಲ್ಲ ಎಂದಂತೆ. ಅದೇ ಮಗುವಿಗೆ ‘ಬಾಳೆಯ ದೀರ್ಘ ತೆಗೆ’ ಎಂದರೆ ಏನಾಗುತ್ತದೆ? ‘ಕುರಿಯ ಕೊಂಬು ತೆಗೆ’ ಎಂದರೆ? ನಮ್ಮ ವಾದ ಸರಿಯಾಗಿದ್ದರೆ ಈ ಎರಡು ಪ್ರಶ್ನೆಗಳು ಬೇರೆ ಬೇರೆಯಾಗಿ ವರ್ತಿಸಬೇಕು. ಮಾತ್ರೆಯ ಕೀಲನ್ನು, ಚಿಹ್ನೆಯ ಹೆಸರೆತ್ತದೆ ಹಾಡಿನ ತಾಳದಂತೆ ಕೇಳಿದರೆ, ಓದು ಬಾರದವರೂ ಮಡಿಸಬೇಕು. ಚಿಹ್ನೆಯ ಕೀಲು ಕಾಗುಣಿತ ಬಂದವರಿಗೆ ಮಾತ್ರ ಮಡಿಸಬೇಕು. ಇದು ಊಹೆ; ಆದರೆ ಸುಳ್ಳೆಂದು ಸಾಧಿಸಬಹುದಾದ ಊಹೆ. ವಿಷಯ ಹುಡುಕುತ್ತಿರುವ ಸಂಶೋಧನ ವಿದ್ಯಾರ್ಥಿಗಳು ಇದನ್ನು ನಮ್ಮಿಂದ ಕಸಿದುಕೊಂಡರೆ ಬೇಸರವಿಲ್ಲ.

ಅಕ್ಷರದೊಳಗಿನ ಈ ಆಟಕ್ಕೂ ಗೆಳೆಯರ ಕೂಟಕ್ಕೂ ಇರುವ ನಂಟು ನಮ್ಮ ಕೂಟದ ಆವಿಷ್ಕಾರವಲ್ಲ. ಏಳನೆಯ ಶತಮಾನದ ಬಾಣ ‘ಕಾದಂಬರಿ’ಯ ಆರಂಭದಲ್ಲಿ ಶೂದ್ರಕ ರಾಜನ ದಿನಚರಿಯನ್ನು ಹೇಳುವಾಗ, ಗೆಳೆಯರೊಡನೆ ಅವನು ಆಡುತ್ತಿದ್ದ ಆಟಗಳ ಪಟ್ಟಿ ಕೊಡುತ್ತಾನೆ: ಅಕ್ಷರಚ್ಯುತಕ, ಮಾತ್ರಾಚ್ಯುತಕ, ಬಿಂದುಮತಿ, ಗೂಢಚತುರ್ಥಪಾದ, ಪ್ರಹೇಳಿಕೆ. ಅಕ್ಷರ ಬೀಳಿಸುವ ಆಟ ಬೇರೆ, ಮಾತ್ರೆ ಬೀಳಿಸುವ ಆಟ ಬೇರೆ ಎಂದು ಬಾಣನ ಕಾಲಕ್ಕೇ ಹೆಸರು ಬೇರ್ಪಟ್ಟಿತ್ತು. ಬಿಂದುಮತಿಯಲ್ಲಂತೂ ವ್ಯಂಜನಗಳ ಜಾಗದಲ್ಲಿ ಚುಕ್ಕಿಯಿಟ್ಟು ಸ್ವರಚಿಹ್ನೆಗಳನ್ನು ಮಾತ್ರ ಬರೆದುಕೊಡುತ್ತಾರೆ. ಉಳಿದದ್ದನ್ನು ಎದುರಿಗಿದ್ದವರು ತುಂಬಬೇಕು. ಖಾಲಿ ಚೌಕಕ್ಕೆ ಇದಕ್ಕಿಂತ ಹತ್ತಿರದ ಪೂರ್ವಜ ನಮಗೆ ತಿಳಿದಂತೆ ಇಲ್ಲ. ದಂಡಿಯೂ ‘ಕಾವ್ಯಾದರ್ಶ’ದ ಮೂರನೆಯ ಪರಿಚ್ಛೇದದಲ್ಲಿ ಹದಿನಾರು ಬಗೆಯ ಪ್ರಹೇಳಿಕೆಗಳನ್ನು ಎಣಿಸುವ ಮುನ್ನ ಅವುಗಳ ಉಪಯೋಗವನ್ನು ಗೋಷ್ಠಿಯ ವಿನೋದಕ್ಕೆ, ಜನರ ನಡುವೆ ಗುಟ್ಟಿನ ಮಾತಿಗೆ ಎಂದೇ ಹೇಳುತ್ತಾನೆ. ಒಂಟಿಯಾಗಿ ಕುಳಿತು ಬಿಡಿಸುವುದು ಮುದ್ರಿತ ಪತ್ರಿಕೆ ತಂದ ಅಭ್ಯಾಸವಿರಬೇಕು.

ಅವಧಾನವನ್ನೂ ಇಲ್ಲಿ ನೆನೆಯಬಹುದು. 2012ರಲ್ಲಿ ಶತಾವಧಾನಿ ಆರ್. ಗಣೇಶ್ ಅವರು ಬೆಂಗಳೂರಿನಲ್ಲಿ ಸಂಪೂರ್ಣ ಕನ್ನಡದಲ್ಲೇ ಶತಾವಧಾನ ನಡೆಸಿದಾಗ ಸಭೆ ನೋಡಿದ್ದು ನೆರವಿನ ಕನ್ನಡಿಬಿಂಬವನ್ನು: ನಿಷೇಧಾಕ್ಷರಿಯ ಪೃಚ್ಛಕರು ಕವಿಯ ಮುಂದಿನ ಅಕ್ಷರವನ್ನು ಊಹಿಸಿ ಅದನ್ನೇ ಬೇಡವೆನ್ನುತ್ತಾರೆ. ಅಡ್ಡಿ ಮಾಡುವುದಕ್ಕೂ ನೆರವಾಗುವುದಕ್ಕೂ ಎದುರಿಗಿದ್ದವರ ತಲೆಯಲ್ಲಿ ಮುಂದಿನ ಹೆಜ್ಜೆ ಏನೆಂಬ ಒಂದೇ ಬಗೆಯ ಊಹೆ ಬೇಕು.

ಇನ್ನು ನಮ್ಮ ಪತ್ರಿಕೆಗಳ ಪದಬಂಧದ ಬಗ್ಗೆ ಒಂದೆರಡು ಮಾತು. ಅ. ನಾ. ಪ್ರಹ್ಲಾದರಾವ್ ಅವರಂಥವರು ದಶಕಗಳಿಂದ ಸಾವಿರಾರು ಪದಬಂಧಗಳನ್ನು ರಚಿಸಿ ಕನ್ನಡ ಓದುಗರ ಬೆಳಗಿಗೆ ಒಂದು ಅಭ್ಯಾಸವನ್ನು ಕೊಟ್ಟಿದ್ದಾರೆ. ಆ ವಿಸ್ತಾರದ ಮುಂದೆ ನಮ್ಮ ನಾಲ್ವರ ಕೂಟ ಒಂದು ಕಾಳು. ಆದರೂ ಪ್ರಕಾರದ ಬಗ್ಗೆ ಒಂದು ಅತೃಪ್ತಿಯನ್ನು ಹೇಳಬೇಕು. ಪರ್ಯಾಯಪದ, ಪುರಾಣದ ಹೆಸರು, ಸಿನಿಮಾ ಹೆಸರು ಕೇಳುವ ಸುಳಿವಿಗೆ ಗೆಳೆಯರು ನೆರವಾಗುವ ದಾರಿ ಒಂದೇ: ಉತ್ತರ ಹೇಳುವುದು. ಧೃತರಾಷ್ಟ್ರನ ಸಾರಥಿ ಯಾರೆಂದರೆ ಸಂಜಯ; ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಇಲ್ಲ. ಸುಳಿವಿನ ಗುಣವನ್ನು ಅಳೆಯಲು ನಾವು ಸೂಚಿಸುವ ಅಳತೆಗೋಲು ಇದು: ಅದಕ್ಕೆ ಅರ್ಧ ನೆರವು ಕೊಡಲು ಬರುತ್ತದೆಯೆ? ಬಂದರೆ ಸುಳಿವಿನೊಳಗೆ ಹೆಜ್ಜೆಗಳಿವೆ ಎಂದರ್ಥ.

ಹೆಜ್ಜೆಗಳಿರುವ ಸುಳಿವನ್ನು ಕಟ್ಟಲು ಕನ್ನಡಕ್ಕೆ ಇಂಗ್ಲಿಷಿನ ಹತ್ಯಾರುಗಳು ಬೇಕಿಲ್ಲ. ‘ಬೇಸರದೊಳಗೇ ಇದೆ ಹಾರ (2)’ ಎಂಬುದು ‘ಸರ’ವನ್ನು ಬಚ್ಚಿಟ್ಟಿದೆ. ‘ಶತ್ರುವನ್ನು ತಿಳಿದುಕೊ (2)’ ಎಂಬ ಸುಳಿವು ನಮ್ಮ ಕೂಟದ ಹೆಮ್ಮೆ. ಉತ್ತರ ‘ಅರಿ’, ಒಂದು ಸಲ ಸಂಸ್ಕೃತದ್ದಾಗಿ, ಒಂದು ಸಲ ಕನ್ನಡದ್ದಾಗಿ. ತತ್ಸಮವೂ ದೇಶ್ಯವೂ ಸಮಾಸವಾದರೆ ವೈಯಾಕರಣರು ಅರಿಸಮಾಸವೆಂದು ಮುಖ ಸಿಂಡರಿಸುತ್ತಾರೆ. ಇಲ್ಲಿ ಅವೆರಡೂ ಒಂದೇ ಎರಡು ಚೌಕಗಳಲ್ಲಿ, ಅದೂ ‘ಅರಿ’ ಎಂಬ ಹೆಸರಿನಲ್ಲೇ, ಜಗಳವಿಲ್ಲದೆ ಕುಳಿತಿವೆ. ಎರಡು ಪದಕೋಶಗಳು ಸಾವಿರ ವರ್ಷ ಒಂದೇ ಲಿಪಿಯಲ್ಲಿ ಬಾಳಿದ್ದರಿಂದ ಬಂದ ಈ ಸಂಪತ್ತನ್ನು ನಮ್ಮ ಪದಬಂಧಗಳು ಇನ್ನೂ ಸರಿಯಾಗಿ ಮುಟ್ಟಿಲ್ಲ. ‘ಪಾಲಕ’ರನ್ನೂ ‘ಪಾಲಕ್’ ಸೊಪ್ಪನ್ನೂ ಒಂದೇ ಸುಳಿವಿನಲ್ಲಿ ಕಟ್ಟಲು ಹೋಗಿ ನಾವು ಮಾತ್ರ ಸೋತೆವು. ಕೊನೆಯ ಚೌಕದಲ್ಲಿ ‘ಕ’ವೋ ‘ಕ್’ವೋ ಎಂಬಲ್ಲಿ ಹಿರಿಯರು ಒಪ್ಪಲಿಲ್ಲ: “ಸ್ವರ ಇಲ್ದಿರೋದಕ್ಕೂ ಚೌಕ ಕೊಡ್ತೀರಾ?” ಕೊಡಬೇಕೋ ಬೇಡವೋ ಎಂಬುದು ಕೂಟದಲ್ಲಿ ಇನ್ನೂ ಇತ್ಯರ್ಥವಾಗಿಲ್ಲ, ವ್ಯಂಜನಾಂತ ಎರವಲುಗಳು ಕನ್ನಡದಲ್ಲಿ ಹೆಚ್ಚುತ್ತಿರುವಾಗ ಇದು ಕೂಟಕ್ಕಷ್ಟೇ ಸೇರಿದ ಪ್ರಶ್ನೆಯೂ ಅಲ್ಲ.

ಈ ಲೇಖನದ ಕರಡನ್ನು ಕೂಟಕ್ಕೆ ಓದಿ ಹೇಳಿದಾಗ ಹಿರಿಯರು ಮಾತ್ರೆಯ ಕೀಲಿನ ವಾದವನ್ನು ಅರ್ಧ ಒಪ್ಪಿದರು, ಕುರಿಯ ಉತ್ತರವನ್ನು ಅಚ್ಚು ಹಾಕಿಸುತ್ತಿರುವುದಕ್ಕೆ ಪೂರ್ತಿ ಮುನಿದರು. ಅದಕ್ಕೆ ಪರಿಹಾರವಾಗಿ ಇನ್ನೊಂದು ಸುಳಿವನ್ನು ಉತ್ತರವಿಲ್ಲದೆ ಸೇರಿಸಬೇಕೆಂದು ಕಟ್ಟುಮಾಡಿದ್ದಾರೆ: ‘ಅರ್ಕನ ಒತ್ತಾಸೆ ಕಳೆದುಕೊಂಡ ರಾಧೇಯ ಒಕ್ಕಣೆಗೆ ನಿಂತ (2)’. ನೆರವು ಬೇಕಾದವರಿಗೆ ಇಷ್ಟು ಹೇಳಬಹುದೆಂದು ವೈದ್ಯೆಯ ಅಭಿಪ್ರಾಯ: ಮೊದಲನೆಯದು ಕಕಾರ, ಶರಭ ಹೋಗಿ ಸಿಂಹ ಬಂದಿದೆ.